ಮುಳ್ಳುಹಂದಿಯ ನಿದ್ದೆ

ರಾತ್ರಿಪಾಳಿ ಮುಗಿಸಿ ನರ್ಸ್ ಮನೆಗೆ ಬಂದಾಗ ಗಂಡ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕ್ಯಾಮೆರಾ ಹೆಗಲಿಗೇರಿಸಿ ಬಾಗಿಲಲ್ಲೇ ನಿಂತಿದ್ದ. ಬ್ರೆಡ್ಡಿನ ಡಬ್ಬಿ, ನೀರಿನ ಬಾಟಲಿ ತುಂಬಿದ ಚೀಲವೂ ಅವನ ಕಾಲಬುಡದಲ್ಲಿ ಸಿದ್ಧವಾಗಿತ್ತು.

“ಮುಖ ತೊಳ್ಕೊಂಡು ಬಾ, ಹೊರಡೋಣ. ಜೂ ನೋಡಿ ಯಾವ ಕಾಲ ಆಯ್ತು!”

“ಇವತ್ತೇ ಆಗ್ಬೇಕಾ ರೀ? ಕಣ್ಣು ಬಿಡೋಕೇ ಆಗ್ತಿಲ್ಲ.”

“ಸ್ಟುಡಿಯೋಗೆ ರಜಾ ಇರೋದೇ ಇವತ್ತು. ನಿಂಗೂ ರಾತ್ರಿ ಡ್ಯೂಟಿ ಇಲ್ಲ. ನಿದ್ದೆ ಎಲ್ಲಿಗೂ ಓಡಿಹೋಗಲ್ಲ ಕಣೇ, ರಾತ್ರಿ ಮಲಗಿದ್ರಾಯ್ತು.”

ನಿದ್ದೆ ಓಡಿಹೋಗಿ ಎಷ್ಟೋ ತಿಂಗಳಾಗಿದೆ ಎಂದು ಹೇಳಲು ಅವಳಿಗೆ ತ್ರಾಣವಿರಲಿಲ್ಲ. ವಾದ ಮಾಡುವುದಕ್ಕಿಂತ ಮುಖ ತೊಳೆಯುವುದೇ ಸುಲಭವೆಂದು ಬಚ್ಚಲಿಗೆ ಹೋದಳು.

ಗಂಡ ಕೆಟ್ಟವನಲ್ಲ. ಕುಡಿತವಿಲ್ಲ, ಹೆಂಡತಿಯ ಮೇಲೆ ಕೈಯೆತ್ತಿದವನಲ್ಲ. ಅವಳ ಕಷ್ಟವೂ ಅದೇ ಆಗಿತ್ತು. ಯಾರ ಹತ್ತಿರವಾದರೂ ದೂರು ಹೇಳಿಕೊಂಡರೆ ಕೇಳಿದವರು ನಕ್ಕುಬಿಡುತ್ತಿದ್ದರು. ಅವನದು ಫೋಟೋ ಸ್ಟುಡಿಯೋ. ಅಳುವ ಮಗುವಿರಲಿ, ತೂಕಡಿಸುವ ಅಜ್ಜನಿರಲಿ, ಚಿಟಿಕೆ ಹೊಡೆದು, ನಾಲಿಗೆ ಲೊಚಗುಟ್ಟಿಸಿ, ರಬ್ಬರಿನ ಬಾತುಕೋಳಿಯನ್ನು ಕಿಚಕ್ಕೆಂದು ಒತ್ತಿ ಅವರ ಕಣ್ಣು ತನ್ನ ಕಡೆ ತಿರುಗುವಂತೆ ಮಾಡುವುದರಲ್ಲಿ ಎತ್ತಿದ ಕೈ. ಆ ಕಸುಬು ಮೈಗೆ ಎಷ್ಟು ಹತ್ತಿಹೋಗಿತ್ತೆಂದರೆ, ಮುಚ್ಚಿದ ಕಣ್ಣು ಕಂಡರೆ ಅವನಿಗೆ ಸುಮ್ಮನಿರಲಾಗುತ್ತಿರಲಿಲ್ಲ. ಸ್ಟುಡಿಯೋ ಕೆಳಗೆ, ಮನೆ ಮೇಲೆ. ಹಗಲು ಅವಳು ಮಲಗಿದ್ದಾಗ ಮೆಟ್ಟಿಲು ಹತ್ತಿ ಬಂದು ದಿಂಬಿನ ಪಕ್ಕ ಚಿಟಿಕೆ ಹೊಡೆಯುತ್ತಿದ್ದ. ಕತ್ತರಿ ಎಲ್ಲಿಟ್ಟೆ ಎಂದು ಒಮ್ಮೆ; ಈ ಫೋಟೋ ನೋಡು, ಹೇಗೆ ಬಂದಿದೆ ಎಂದು ಇನ್ನೊಮ್ಮೆ. ನೋಡಿ, ಚೆನ್ನಾಗಿದೆ ಎಂದು ಹೇಳಿ ಮತ್ತೆ ಕಣ್ಣು ಮುಚ್ಚುವಷ್ಟರಲ್ಲಿ ನಿದ್ದೆ ಹಾರಿಹೋಗಿರುತ್ತಿತ್ತು.

ಮೃಗಾಲಯದಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು. ಆನೆಯ ಮುಂದೆ ಅವಳನ್ನು ನಿಲ್ಲಿಸಿದ, ಜಿರಾಫೆಯ ಮುಂದೆ ನಿಲ್ಲಿಸಿದ.

“ಕಣ್ಣು ಬಿಡು, ಕಣ್ಣು!”

“ಬಿಟ್ಟಿದೀನಿ.”

“ಇದಕ್ಕಾ ಬಿಡೋದು ಅಂತಾರೆ? ಜಿರಾಫೆನೇ ವಾಸಿ, ಎಷ್ಟು ಲಕ್ಷಣವಾಗಿ ನೋಡ್ತಿದೆ.”

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಆದರೂ ಹಲ್ಲು ಕಚ್ಚಿಕೊಂಡು ಕಾಲೆಳೆಯುತ್ತಾ ಅವನ ಹಿಂದೆ ನಡೆದಳು. ಸಿಂಹ ಮಲಗಿತ್ತು. ಚಿರತೆ ಮರದ ಕೊಂಬೆಗೆ ಜೋತುಬಿದ್ದು ಮಲಗಿತ್ತು.

“ಎಲ್ಲ ನಿನ್ನ ನೆಂಟರೇ ಕಣೇ!” ಎಂದು ಗಂಡ ತನ್ನ ಮಾತಿಗೆ ತಾನೇ ನಕ್ಕ.

ಮುಳ್ಳುಹಂದಿಯ ಆವರಣದಲ್ಲಿ ಬಿಲದ ಬಾಯಲ್ಲೇ ಒಂದು ಮುದುಡಿ ಮಲಗಿತ್ತು. ಇದು ರಾತ್ರಿ ಓಡಾಡುವ ಪ್ರಾಣಿ, ಸದ್ದು ಮಾಡಬೇಡಿ ಎಂದು ಬೇಲಿಗೆ ಕಟ್ಟಿದ ಫಲಕದಲ್ಲಿ ದಪ್ಪಕ್ಷರದಲ್ಲಿ ಬರೆದಿತ್ತು. ಗಂಡ ಅದನ್ನು ಜೋರಾಗಿಯೇ ಓದಿದ. ಓದಿ ಮುಗಿಸಿ ಚಿಟಿಕೆ ಹೊಡೆದ. ಪ್ರಾಣಿ ಅಲುಗಲಿಲ್ಲ. ನಾಲಿಗೆ ಲೊಚಗುಟ್ಟಿಸಿದ. ಕೊನೆಗೆ ಚೀಲದಿಂದ ರಬ್ಬರ್ ಬಾತುಕೋಳಿ ಹೊರಗೆ ಬಂತು.

ಮುಳ್ಳುಹಂದಿ ತಲೆಯೆತ್ತಿ, ಕಣ್ಣು ಕಿರಿದು ಮಾಡಿ ನೋಡಿ, ಮತ್ತೆ ತಲೆ ಇಟ್ಟುಕೊಂಡಿತು. ಅವನು ಮತ್ತೆ ಒತ್ತಿದ. ಆಚೀಚೆ ಇದ್ದವರೂ ಸುತ್ತ ಸೇರಿದರು. ಅದು ತಡಬಡಾಯಿಸಿ ಎದ್ದು, ಮುಳ್ಳನ್ನೆಲ್ಲ ನಿಮಿರಿಸಿಕೊಂಡು, ಗೋಡೆಗೆ ಡಿಕ್ಕಿ ಹೊಡೆದು, ಮೂಲೆಯಲ್ಲಿ ಮುಖ ಹುದುಗಿಸಿ ನಿಂತಿತು.

“ಎದ್ದಿತು ನೋಡು! ಎಬ್ಬಿಸದೆ ಬಿಡೋನಲ್ಲ ನಾನು.”

ಜನ ನಕ್ಕರು. ಅವಳು ಮುಂದೆ ನುಗ್ಗಿ ಬಾತುಕೋಳಿಯನ್ನು ಅವನ ಕೈಯಿಂದ ಕಿತ್ತುಕೊಂಡಳು.

“ಸಾಕು ಮಾಡ್ರೀ! ರಾತ್ರಿಯೆಲ್ಲ ಎದ್ದಿರೋ ಜೀವ ಅದು. ಅದರ ಪಾಡಿಗೆ ಅದನ್ನ ಬಿಡೋಕೆ ಏನು ರೋಗ ನಿಮಗೆ?”

ಜನ ಮೆಲ್ಲಗೆ ಚದುರಿದರು. ಗಂಡನ ಮುಖ ಕೆಂಪಾಯಿತು.

“ಒಂದು ಮುಳ್ಳುಹಂದಿಗೋಸ್ಕರ ನಾಲ್ಕು ಜನರ ಮುಂದೆ ನನ್ನ ಮರ್ಯಾದೆ ತೆಗೀಬೇಕಿತ್ತಾ?”

“ಮುಳ್ಳುಹಂದಿಗಲ್ಲ, ನನಗೋಸ್ಕರ. ನಾನು ಹಗಲು ಮಲಗೋದು ನಿಮಗೆ ನಿದ್ದೆ ಅಂತಾನೇ ಅನ್ಸಲ್ಲ. ನಿಮ್ಮಮ್ಮ ಫೋನ್ ಮಾಡಿದ್ರೂ ಎಬ್ಬಿಸ್ತೀರಿ.”

“ಮಟಮಟ ಮಧ್ಯಾಹ್ನ ಸೊಸೆ ಮಲಗಿದಾಳೆ ಅಂದ್ರೆ ಅಮ್ಮ ಏನಂದ್ಕೋತಾರೆ? ನಿನ್ನ ಹೆಸರು ಕೆಡಬಾರದು ಅಂತ ತಾನೇ ಎಬ್ಬಿಸೋದು!” ಅವನ ದನಿ ಒಮ್ಮೆಲೇ ಇಳಿಯಿತು. “ನನ್ನ ಪಾಡೂ ಸ್ವಲ್ಪ ನೋಡು. ಊಟ ಒಬ್ನೇ, ರಾತ್ರಿ ಒಬ್ನೇ. ಮನೇಲಿ ಹೆಂಡ್ತಿ ಇದಾಳೆ, ಮಾತಾಡೋಕೆ ಯಾರೂ ಇಲ್ಲ. ನಿನ್ನ ಹತ್ರ ಒಂದು ಮಾತಾಡ್ಬೇಕು ಅಂದ್ರೆ ಎಬ್ಬಿಸಿಯೇ ಆಡ್ಬೇಕು.”

ಅವನಿಗೂ ಬೇಸರವಿರಬಹುದೆಂದು ಅವಳು ಯೋಚಿಸಿಯೇ ಇರಲಿಲ್ಲ. ಪಾಪವೆನಿಸಿತು. ಹಾಗೆಂದು ಸಿಟ್ಟೇನೂ ಇಳಿಯಲಿಲ್ಲ.

“ಮೊನ್ನೆ ಒಬ್ರು ಅಜ್ಜಿಗೆ ಪಕ್ಕದ ಹಾಸಿಗೆಯವರ ಇಂಜೆಕ್ಷನ್ ಚುಚ್ಚೋಕೆ ಹೋಗಿದ್ದೆ,” ಎಂದಳು. “ಔಷಧಿ ತುಂಬಿ, ಅಜ್ಜಿ ತೋಳು ಹಿಡ್ಕೊಂಡಾಗಿತ್ತು. ಜೊತೆ ಡ್ಯೂಟೀಲಿದ್ದ ಹಿರಿಯ ನರ್ಸ್ ನೋಡಿ ನನ್ನ ಕೈ ಹಿಡಿದ್ರು. ಹಿಡೀದಿದ್ರೆ ಆ ಅಜ್ಜಿ ಉಳೀತಿರಲಿಲ್ಲ ರೀ. ಅಜ್ಜಿಗೆ ಏನೂ ಗೊತ್ತಾಗ್ಲಿಲ್ಲ. ದೇವರು ನಿನ್ನ ಚೆನ್ನಾಗಿಟ್ಟಿರಲಿ ಮಗಳೇ ಅಂದ್ರು.”

ಗಂಡ ಅವಳತ್ತ ತಿರುಗಿದ. “ನಂಗ್ಯಾಕೆ ಹೇಳ್ಲಿಲ್ಲ?”

“ಹೇಳೋಣ ಅಂತಾನೇ ಬಂದೆ. ನೀವು ಗಿರಾಕಿ ಜೊತೆ ಇದ್ರಿ. ಕಾಯ್ತಾ ಹಾಗೇ ನಿದ್ದೆ ಹತ್ತಿತ್ತು. ಆಮೇಲೆ ಕತ್ತರಿ ಎಲ್ಲಿ ಅಂತ ನೀವೇ ಎಬ್ಬಿಸಿದ್ರಿ.”

ಅವನು ನೆರಳಿನಲ್ಲಿದ್ದ ಕಲ್ಲುಬೆಂಚಿನ ಧೂಳು ಕೈಯಿಂದಲೇ ಒರೆಸಿ, ಒಂದು ತುದಿಯಲ್ಲಿ ಕೂತು, “ಬಾ” ಎಂದ. ಮನೆಗೆ ಹೋಗುವ ಬಸ್ಸಿನವರೆಗೆ ನಡೆಯುವ ಶಕ್ತಿಯೂ ಅವಳಲ್ಲಿರಲಿಲ್ಲ. ಚೀಲವನ್ನು ಅವನ ತೊಡೆಯ ಮೇಲಿಟ್ಟು, ಅದಕ್ಕೆ ತಲೆಕೊಟ್ಟು ಮಲಗಿದಳು. ಬ್ರೆಡ್ಡಿನ ಡಬ್ಬಿ ಕೆನ್ನೆಗೆ ಒತ್ತುತ್ತಿತ್ತು. ಅದನ್ನು ಸರಿಸಬೇಕೆಂದುಕೊಳ್ಳುವಷ್ಟರಲ್ಲಿ ನಿದ್ದೆ ಅವಳನ್ನು ಎಳೆದುಕೊಂಡುಬಿಟ್ಟಿತು.

ಮತ್ತೆ ಎಚ್ಚರವಾದಾಗ ಬಿಸಿಲು ಗಂಡ ಕೂತಿದ್ದ ತುದಿಗೆ ಬಂದಿತ್ತು. ಅವಳ ಮುಖಕ್ಕೆ ಮಾತ್ರ ನೆರಳಿತ್ತು. ಅವನು ಒಂದು ಕೈಯನ್ನು ಬಿಸಿಲಿಗೆ ಅಡ್ಡ ಹಿಡಿದಿದ್ದ. ಇನ್ನೊಂದು ಕೈಯಲ್ಲಿ ಫೋನು. ಅದರ ಸದ್ದಿಗೇ ಎಚ್ಚರವಾಗಿರಬೇಕು. ಇನ್ನೇನು ಎಬ್ಬಿಸುತ್ತಾನೆ ಎಂದುಕೊಂಡು ಅವಳು ಏಳಲು ಮನಸ್ಸು ಗಟ್ಟಿ ಮಾಡಿಕೊಂಡಳು.

“ಇಲ್ಲಮ್ಮ, ಈಗ ಕೊಡೋಕಾಗಲ್ಲ,” ಗಂಡ ಪಿಸುದನಿಯಲ್ಲಿ ಹೇಳುತ್ತಿದ್ದ. “ಮಲಗಿದಾಳೆ… ಹೌದು, ಮಧ್ಯಾಹ್ನ ಅಂತ ಗೊತ್ತು… ಹುಷಾರಾಗೇ ಇದಾಳೆ. ಏನೂ ಆಗಿಲ್ಲ. ರಾತ್ರಿಯೆಲ್ಲ ರೋಗಿಗಳನ್ನ ನೋಡ್ಕೊಂಡು ಬಂದಿದಾಳಲ್ಲಮ್ಮ, ಇನ್ಯಾವಾಗ ಮಲಗ್ಬೇಕು?”

ಆ ಕಡೆಯಿಂದ ಅತ್ತೆಯ ದನಿ ಏರಿತು.

“ಅಂದ್ಕೊಳ್ಳೋರು ಅಂದ್ಕೊಳ್ಳಲಿ ಬಿಡಮ್ಮ. ಇನ್ಮೇಲೆ ಹಗಲು ಫೋನ್ ಮಾಡಿದ್ರೆ ನಾನು ಎಬ್ಬಿಸಲ್ಲ. ಅವಳೇ ಎದ್ದು ಮಾಡ್ತಾಳೆ.”

ಅವಳು ಕಣ್ಣು ಬಿಡಲಿಲ್ಲ. ಕೆನ್ನೆಗೆ ಒತ್ತುತ್ತಿದ್ದ ಡಬ್ಬಿಯನ್ನು ಸ್ವಲ್ಪ ಆಚೆ ಸರಿಸಿ, ಇನ್ನೊಂದು ಮಗ್ಗುಲಿಗೆ ಹೊರಳಿ ಮಲಗಿದಳು.