ಲಫ್ತಾನ ನಲವತ್ತು ಮರ

ಹೆಣ್ಣು ಖರ್ಜೂರದ ಹೊಂಬಾಳೆ ಒಡೆದರೆ ನಾಲ್ಕು ದಿನ, ಗಾಳಿ ಬಿಸಿಯಾದರೆ ಮೂರೇ. ಅಷ್ಟರೊಳಗೆ ಯಾರಾದರೂ ಮರ ಹತ್ತಿ, ಗಂಡು ಹೂವಿನ ಎಳೆಗಳನ್ನು ಅದರ ನಡುವೆ ಸಿಕ್ಕಿಸಿ ಕಟ್ಟಬೇಕು. ಕಟ್ಟದಿದ್ದರೆ ಆ ವರ್ಷ ಗೊನೆಯಲ್ಲಿ ಬರೀ ಜೊಳ್ಳು, ಕತ್ತೆಯೂ ಮೂಸುವುದಿಲ್ಲ. ಅಬುಲ್ ಖಸೀಬ್ ಊರಿನ ಆ ತೋಪಿನಲ್ಲಿ ಇದಕ್ಕೊಂದು ಕಟ್ಟಳೆಯಿತ್ತು. ನೆಲ ಧಣಿಯದ್ದು, ಮರ ಹೂ ಕಟ್ಟಿದವನದ್ದು. ಕಟ್ಟಿದವನಿಗೆ ಗೊನೆಯಲ್ಲಿ ಪಾಲು, ಅವನ ಮಗನಿಗೂ ಪಾಲು. ಆದರೆ ಒಂದೇ ಒಂದು ವರ್ಷ ಬೇರೊಬ್ಬನ ಕೈ ಬಿತ್ತೋ, ಮರ ಆ ಕೈಯ ಹಿಂದೆ ಹೋಯಿತು.

ಲಫ್ತಾನ ಪಾಲಿಗೆ ಹೀಗೆ ನಲವತ್ತು ಮರಗಳಿದ್ದವು. ಅರ್ಧ ಅಪ್ಪ ನೆಟ್ಟದ್ದು, ಉಳಿದರ್ಧ ಅಪ್ಪನ ಬೈಗುಳ ತಿನ್ನುತ್ತ ಅವನೇ ನೆಟ್ಟದ್ದು. ಕಳೆದ ಕೊಯ್ಲು ಮುಗಿದ ವಾರ, ಹೊಳೆಯ ನೀರು ಇಳಿದ ಹೊತ್ತಿಗೆ, ಹೂಳೆತ್ತಲು ಕಾಲುವೆಗೆ ಇಳಿದಿದ್ದ. ಹಳೇ ಯುದ್ಧದ ನೆಲಬಾಂಬೊಂದು ಮೂವತ್ತು ಚಿಲ್ಲರೆ ವರ್ಷ ಕೆಸರಿನಲ್ಲಿ ಸುಮ್ಮನೆ ಮಲಗಿದ್ದದ್ದು, ಅವನ ಬಲಗಾಲು ಬಂದ ದಿನ ಎಚ್ಚೆತ್ತಿತು. ಮೊಣಕಾಲಿನ ಕೆಳಗೆ ಏನೂ ಉಳಿಯಲಿಲ್ಲ.

ಪಟ್ಟಣದಲ್ಲಿ ಅವನಿಗೆ ಹೊಸ ಕಾಲು ಹಾಕಿದ ಹೆಂಗಸು ಒಳ್ಳೆಯವಳು. "ಇದು ನಡೆಯೋಕೆ. ಅಭ್ಯಾಸ ಆದ್ಮೇಲೆ ಮೆಟ್ಟಿಲೂ ಹತ್ತಬಹುದು" ಅಂದಿದ್ದಳು.

"ಎಷ್ಟು ಎತ್ತರದ ಮೆಟ್ಟಿಲು?" ಅಂತ ಲಫ್ತಾ ಕೇಳಿದ್ದ. ಅವಳು ನಕ್ಕಿದ್ದಳು. ಅವನು ನಕ್ಕಿರಲಿಲ್ಲ.

ಚಳಿಗಾಲವಿಡೀ ಹಿತ್ತಲಿನ ಗಿಡ್ಡ ಮರವೊಂದನ್ನು ಹತ್ತಿ ಇಳಿದು, ಹತ್ತಿ ಇಳಿದು, ಮರಕ್ಕೇ ಬೇಸರ ತರಿಸಿದ್ದ. ಈಗ ತೋಪಿನಲ್ಲಿ ಹೊಂಬಾಳೆಗಳು ಒಡೆದಿದ್ದವು. ಬೆಳಿಗ್ಗೆ ಚಹಾದ ಹೊತ್ತಿಗೆ ಧಣಿ ಹಾಜಿ ಬದ್ರಾನ್ ಎಲ್ಲರೆದುರೇ ಮಾತು ತೆಗೆದ.

"ಲಫ್ತಾ, ನಿನ್ನ ಕಾಲಿನ ಬಗ್ಗೆ ನನಗೆ ದುಃಖ ಇದೆ. ದೇವರಾಣೆ ಇದೆ. ಆದ್ರೆ ದುಃಖಕ್ಕೆ ಕಾಯಿ ಕಚ್ಚಲ್ಲ."

"ನಾನು ಕಟ್ತೀನಿ ಹಾಜಿ."

"ಹಂಗಾದ್ರೆ ನಿನ್ನ ನಲವತ್ತರಲ್ಲಿ ಎಲ್ಲಕ್ಕೂ ಎತ್ತರದ ಆ ಅಜ್ಜಿ ಮರ ಹತ್ತಿ ಕಟ್ಟಿ ಬಾ. ಮಧ್ಯಾಹ್ನದ ಬಾಂಗಿನೊಳಗೆ. ನಾನಿಲ್ಲೇ ಕೂತಿರ್ತೀನಿ. ಆಯ್ತಾ, ನಲವತ್ತೂ ನಿನ್ನವೇ. ಆಗ್ಲಿಲ್ವಾ, ನಿನ್ನ ಚಿಕ್ಕಪ್ಪನ ಮಗ ಇದ್ದಾನೆ. ಮರ ಮನೆತನ ಬಿಟ್ಟು ಹೋಗಲ್ಲ."

ಚಿಕ್ಕಪ್ಪನ ಮಗ ಚಾಸಿಬ್ ಅಲ್ಲೇ ಇದ್ದ. ಎರಡು ಕಾಲಿನವನು, ಇಪ್ಪತ್ತಾರರ ಪ್ರಾಯ. ಅಜ್ಜಿ ಮರದ ಹೆಸರು ಬಂದದ್ದೇ ಅವನ ಮುಖ ಬಿಳಿಚಿತು. ಸಕ್ಕರೆ ಕರಗಿ ಎಷ್ಟೋ ಹೊತ್ತಾಗಿದ್ದ ಚಹಾವನ್ನು ಕಲಕುತ್ತಲೇ ಇದ್ದ. ಆಸೆ ಅಂತ ಲಫ್ತಾ ಲೆಕ್ಕ ಹಾಕಿದ.

ಮರದ ಬುಡದಲ್ಲಿ ಹೊಸ ತಕರಾರು. ಮುದುಕ ಶಿನಾವಾ ಕೋಲು ಅಡ್ಡ ಇಟ್ಟ. "ಖರ್ಜೂರ ಅಂದ್ರೆ ನಮಗೆ ಸೋದರತ್ತೆ ಇದ್ದಂಗೆ. ಅತ್ತೆ ಮೈಮೇಲೆ ಚಪ್ಪಲಿ ಕಾಲಿಡ್ತೀಯಾ?"

"ಇದು ಚಪ್ಪಲಿ ಅಲ್ಲ ದೊಡ್ಡಪ್ಪ, ಕಾಲು."

"ರಬ್ಬರಿಂದು."

"ನಿಮ್ಮ ಹಲ್ಲು ಪ್ಲಾಸ್ಟಿಕ್ಕಿಂದು. ಅದ್ರಲ್ಲೇ ತಾನೆ ದೇವರ ಹೆಸರು ಹೇಳೋದು?"

ನಾಲ್ಕು ಜನ ನಕ್ಕರು. ಶಿನಾವಾ ಬಾಯಿ ಮುಚ್ಚಿಕೊಂಡು ಕೋಲು ತೆಗೆದ. ತೋಪಿನಂಚಿನಲ್ಲಿ ಲಫ್ತಾನ ಹೆಂಡತಿ ಫಖ್ರಿಯಾ ಎಮ್ಮೆಗೆ ಹುಲ್ಲು ಕೊಯ್ಯುತ್ತಿದ್ದಳು. ಅಲ್ಲಿ ಹುಲ್ಲೇ ಇರಲಿಲ್ಲ.

ಲಫ್ತಾ ಹಗ್ಗದ ನಡುಪಟ್ಟಿಯನ್ನು ಮರದ ಸುತ್ತ ಬಳಸಿ ಬೆನ್ನಿಗೆ ಬಿಗಿದ. ಬೆನ್ನು ಹಿಂದಕ್ಕೆ ಒರಗಿಸಿ ಪಟ್ಟಿಯನ್ನು ಮೇಲಕ್ಕೆ ಚಿಮ್ಮಿಸುವುದು, ಒಂದು ಕಾಲು, ಇನ್ನೊಂದು ಕಾಲು, ಮತ್ತೆ ಪಟ್ಟಿ. ಹಳೆಯ ಮಟ್ಟೆಗಳನ್ನು ಕಡಿದಲ್ಲಿ ಉಳಿದ ಕೂಳೆಗಳೇ ಮೆಟ್ಟಿಲು. ಯಾವುದು ಗಟ್ಟಿ, ಯಾವುದು ಲಡ್ಡು ಅಂತ ಹೇಳುವುದು ಕಣ್ಣಲ್ಲ, ಕಾಲಿನ ಬೆರಳು. ಮೊದಲೆಲ್ಲ ಲಫ್ತಾ ಮೇಲೆ ಹೋಗುತ್ತ ಕೆಳಗಿನವರ ಜೊತೆ ಹರಟುತ್ತಿದ್ದ. ಬೆರಳುಗಳು ತಮ್ಮ ಕೆಲಸ ತಾವು ನೋಡಿಕೊಳ್ಳುತ್ತಿದ್ದವು.

ಈಗ ಎಡಗಾಲು ನಿಜ ಹೇಳುತ್ತಿತ್ತು. ಬಲಗಾಲಿನ ಇಲ್ಲದ ಬೆರಳುಗಳೂ ಮಾತಾಡುತ್ತಿದ್ದವು, ಅದೇ ತೊಂದರೆ. ಕಾಲು ಹೋದರೂ ಅವು ಹೋಗಿರಲಿಲ್ಲ. ರಾತ್ರಿ ತುರಿಸುತ್ತಿದ್ದವು, ಚಳಿಗೆ ಮರಗಟ್ಟುತ್ತಿದ್ದವು. ಈಗ, ಹಿಡಿದಿದ್ದೇವೆ, ಭಾರ ಬಿಡು ಅನ್ನುತ್ತಿದ್ದವು. ಅವುಗಳ ಮಾತು ಕೇಳಬಾರದು ಅಂತ ಚಳಿಗಾಲವಿಡೀ ಕಲಿತಿದ್ದ.

ಏಳಾಳು ಎತ್ತರದಲ್ಲಿ ಕೇಳಿಬಿಟ್ಟ.

ದಣಿದಿದ್ದ, ಬೆವರು ಕಣ್ಣಿಗಿಳಿದಿತ್ತು, ಮೂವತ್ತು ವರ್ಷದ ರೂಢಿ ಒಂದು ಗಳಿಗೆ ಮುಂದೆ ಬಂತು. ಬಲಗಾಲು ಇಟ್ಟ, ಬೆರಳುಗಳು ಸರಿ ಅಂದವು, ಭಾರ ಬಿಟ್ಟ. ಕೂಳೆ ಒಣ ರೊಟ್ಟಿಯ ಹಾಗೆ ಮುರಿಯಿತು. ಎಡಗಾಲೂ ಜಾರಿತು. ನಡುಪಟ್ಟಿ ಎರಡು ಮೊಳ ಕೆಳಗೆ ಸರಕ್ಕನೆ ಉಜ್ಜಿ ನಿಂತಿತು. ಎದೆ ಮರಕ್ಕೆ ಬಡಿಯಿತು. ಮುರಿದ ಕೂಳೆ ಕೆಳಗೆ ಬಿದ್ದ ಸದ್ದು ಬರಲು ಬಹಳ ಹೊತ್ತು ಹಿಡಿದ ಹಾಗನ್ನಿಸಿತು.

ಎಡಗಾಲಿಗೆ ಒಂದು ಆಸರೆ ಸಿಕ್ಕಿತು. ಬಲಗಾಲು ಗಾಳಿಯಲ್ಲಿ. ಕೆಳಗೆ ನೋಡುವ ಹಾಗಿಲ್ಲ, ನೋಡಿದರೂ ಹೊಟ್ಟೆ ಅಡ್ಡ.

"ಲಫ್ತಾ." ಚಾಸಿಬನ ದನಿ. "ಅಲ್ಲಾಡಬೇಡ. ಬಲಗಾಲು ಒಂದು ಗೇಣು ಎಡಕ್ಕೆ ತಗೋ."

ತಾನು ಬಿದ್ದರೆ ನಲವತ್ತು ಮರ ಸಿಗುವುದು ಈ ದನಿಗೆ. ಲಫ್ತಾ ಮರಕ್ಕೆ ಕೆನ್ನೆ ಒತ್ತಿಕೊಂಡು ಅಷ್ಟನ್ನು ಯೋಚಿಸಿದ. ಎಡ ಮೀನಖಂಡ ನಡುಗಲು ಶುರುವಾಗಿತ್ತು. ಹೆಚ್ಚು ಯೋಚಿಸುವಷ್ಟು ಪುರುಸೊತ್ತಿರಲಿಲ್ಲ.

"ಎಡಕ್ಕೆ ಅಂದೆ ಕಣೋ. ಇನ್ನೂ. ಈಗ ಕೆಳಗೆ, ನಾಲ್ಕು ಬೆರಳು. ಅದೇ. ಅದು ಗಟ್ಟಿ ಇದೆ."

"ನಿಂಗೆ ಹೆಂಗೊತ್ತು?"

"ಗೊತ್ತು. ಇಡು."

ಇಟ್ಟ. ಬಲಗಾಲಿನ ಬೆರಳುಗಳು ಈ ಸಲ ಏನೂ ಹೇಳಲಿಲ್ಲ. ಕೂಳೆ ತಡೆಯಿತು.

ಅಲ್ಲಿಂದ ತುದಿಯವರೆಗೆ ಚಾಸಿಬ್ ಹೇಳಿದ, ಲಫ್ತಾ ಇಟ್ಟ. ಒಂದೊಂದು ಹೆಜ್ಜೆಗೂ ಅಷ್ಟೇ ಹೆದರಿಕೆ, ಅಷ್ಟೇ ಸಿಟ್ಟು. ಗರಿಗಳ ನಡುವೆ ತಲೆ ತೂರಿಸಿದಾಗ ಕೆಳಗಿನವರು ಕಾಣದಾದರು, ಅವರಿಗೂ ಅವನು ಕಾಣದಾದ. ಉಸಿರು ಎಳೆದುಕೊಂಡು ಹೆಗಲ ಚೀಲದಿಂದ ಗಂಡು ಹೂವಿನ ಎಳೆ ತೆಗೆದ. ಮೊದಲ ಹೊಂಬಾಳೆಗೆ ಕೈ ಹಾಕಿದವನು ಹಾಗೇ ನಿಂತ.

ಯಾರೋ ಆಗಲೇ ಕಟ್ಟಿದ್ದರು.

ಎಳೆಗಳು ಒಳಗಿದ್ದವು, ಸುತ್ತ ಗರಿಯ ಸೀಳಿನಿಂದ ಬಿಗಿದಿತ್ತು. ಎರಡನೆಯದೂ ಹಾಗೇ, ಮೂರನೆಯದೂ. ಅಂದರೆ ಕಳ್ಳ ಬಂದು ಹೋಗಿದ್ದಾನೆ. ಚಾಸಿಬನಿಗೆ ಕೂಳೆಗಳ ಪರಿಚಯ ಅಷ್ಟು ಚೆನ್ನಾಗಿ ಇದ್ದದ್ದು ಅದಕ್ಕೇ. ಲಫ್ತಾನ ಬಾಯಿಗೆ ಒಂದು ಕೆಟ್ಟ ಮಾತು ಬಂತು. ಆಡುವ ಮೊದಲು ಗಂಟಿನ ಮೇಲೆ ಕಣ್ಣು ಬಿತ್ತು.

ಹೂ ಕಟ್ಟುವವರಲ್ಲಿ ಒಬ್ಬೊಬ್ಬನ ಗಂಟು ಒಂದೊಂದು ಥರ. ಪಾಲಿನ ಜಗಳವೆದ್ದರೆ ಗಂಟೇ ಸಾಕ್ಷಿ. ಲಫ್ತಾ ಎಡಚ, ಅವನ ಗಂಟು ಎಲ್ಲರದಕ್ಕೂ ತಿರುವುಮುರುವು, ತೋಪಿನಲ್ಲಿ ಇನ್ನೊಂದಿಲ್ಲ. ಇಲ್ಲಿದ್ದದ್ದು ಅದೇ ಗಂಟು. ಬಲಗೈಯವನೊಬ್ಬ ಒದ್ದಾಡಿ, ಎರಡು ಸಲ ತಪ್ಪಿ, ಮೂರನೆಯ ಸಲ ಹೇಗೋ ಬಿಗಿದಿದ್ದ ಎಡಗೈ ಗಂಟು. ಮರ ಕದಿಯಲು ಬಂದವನು ತನ್ನ ಗಂಟು ಹಾಕಿ ಹೋಗುತ್ತಾನೆ. ಇವನು ಲಫ್ತಾನ ರುಜುವನ್ನು ಖೋಟಾ ಮಾಡಿ ಹೋಗಿದ್ದ.

ಲಫ್ತಾ ಉಳಿದ ಹೊಂಬಾಳೆಗಳ ಗಂಟನ್ನೂ ಒಂದೊಂದಾಗಿ ತಿರುಗಿಸಿ ನೋಡಿದ. ಕೆಳಗಿನಿಂದ ಹಾಜಿ, "ಏನಪ್ಪಾ, ಅಲ್ಲೇ ಮನೆ ಮಾಡಿದ್ಯಾ?" ಅಂದ.

ಕದ್ದವನಾಗಿದ್ದರೆ ಸುಲಭವಿತ್ತು. ಲಫ್ತಾ ಗಂಟುಗಳನ್ನೆಲ್ಲ ಬಿಚ್ಚಿ, ತನ್ನ ಎಳೆ ಸೇರಿಸಿ, ತನ್ನ ಗಂಟು ಹಾಕಿದ. ಮೊದಲೆರಡು ಚಾಸಿಬನ ಗಂಟಿಗಿಂತ ಕೆಟ್ಟದಾಗಿ ಬಂದವು.

ಇಳಿಯುವಾಗಲೂ ಚಾಸಿಬನೇ ಹೇಳಿದ. ಕಾಲು ನೆಲಕ್ಕೆ ತಾಗಿದಾಗ ಬಾಂಗಿಗೆ ಇನ್ನೂ ಸ್ವಲ್ಪ ಹೊತ್ತಿತ್ತು.

"ಆಯ್ತು," ಹಾಜಿ ಎದ್ದು ಬಟ್ಟೆ ಕೊಡವಿಕೊಂಡ. "ನಲವತ್ತೂ ನಿನ್ನವು. ಇನ್ನು ಯಾರೂ ಮಾತಾಡೋ ಹಂಗಿಲ್ಲ."

ಲಫ್ತಾ ಬುಡಕ್ಕೊರಗಿ ಕೂತು ಕಾಲು ಬಿಚ್ಚಿದ. ಒಳಗಿನ ಬಟ್ಟೆ ರಕ್ತದಲ್ಲಿ ತೊಯ್ದಿತ್ತು. ಚಾಸಿಬ್ ನೀರು ತಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ.

"ಎಷ್ಟು ಮರ?" ಲಫ್ತಾ ಮೆಲ್ಲಗೆ ಕೇಳಿದ.

"ಇದೂ ಸೇರಿ ಹನ್ನೆರಡು. ಎತ್ತರದವು ಮಾತ್ರ. ಮೊನ್ನೆ, ನಿನ್ನೆ, ಎರಡು ದಿನ ಬೆಳಕು ಹರಿಯೋ ಮುಂಚೆ." ಚಾಸಿಬ್ ನೆಲ ಕೆರೆಯುತ್ತಿದ್ದ. "ನೀನೇ ಯಾರಿಗೂ ಹೇಳದೆ ಹತ್ತಿ ಕಟ್ಟಿದೀಯ ಅಂತ ಜನ ಅಂದ್ಕೊಳ್ಳಲಿ ಅಂತ. ಹಾಜಿ ಈ ತಮಾಷೆ ಮಾಡ್ತಾನೆ ಅಂತ ನಂಗೇನು ಗೊತ್ತು?"

"ಹಾಳು ಗಂಟು."

"ನೀನೊಂದ್ಸಲ ಬಲಗೈಲಿ ಹಾಕಿ ನೋಡು, ಆಗ ಗೊತ್ತಾಗುತ್ತೆ."

ಲಫ್ತಾ ನಗಲಿಲ್ಲ. ಅವನ ತಲೆಯಲ್ಲಿ ಬೇರೆ ಲೆಕ್ಕ ಓಡುತ್ತಿತ್ತು. ಚಹಾದಿಂದ ಬಾಂಗಿನವರೆಗೆ ಒಂದು ಮರ. ಮೊದಲಾಗಿದ್ದರೆ ಅಷ್ಟು ಹೊತ್ತಿಗೆ ಹತ್ತು. ಗಾಳಿ ಬಿಸಿಯಾಗುತ್ತಿತ್ತು. ಇಂಥ ಎತ್ತರ ಇನ್ನೊಂದು ಹತ್ತಬಲ್ಲ, ಎರಡೂ ಹತ್ತಬಹುದು. ಹನ್ನೊಂದು ಹತ್ತಲಾರ. ಈ ವರ್ಷ ಖೋಟಾ ಗಂಟು ಕಾಪಾಡುತ್ತದೆ. ಮುಂದಿನ ವರ್ಷವೂ ಇವನು ಕತ್ತಲಲ್ಲಿ ಕಳ್ಳನ ಹಾಗೆ ಬರುತ್ತಾನೆ, ತಾನು ಕಂಡೂ ಕಾಣದವನ ಹಾಗೆ ಪಾಲು ತಿನ್ನಬೇಕು.

"ಹಾಜಿ," ಅಂತ ಕೂಗಿದ. ಹೊರಟಿದ್ದ ಹಾಜಿ ನಿಂತ. "ಎತ್ತರದ ಹನ್ನೊಂದು ಮರ ಇನ್ಮೇಲೆ ಚಾಸಿಬಂದು. ಇದೂ, ಗಿಡ್ಡವೂ ಸೇರಿ ಇಪ್ಪತ್ತೊಂಬತ್ತು ನಂದು. ಎಲ್ಲರ ಮುಂದೆ ಹೇಳ್ತಿದೀನಿ."

"ಈಗ ತಾನೆ ಗೆದ್ದೆಯಲ್ಲೋ."

"ಗೆದ್ದಿದ್ದಕ್ಕೇ ಕೊಡ್ತಿರೋದು. ಸೋತಿದ್ರೆ ಕೊಡೋಕೆ ಏನಿರ್ತಿತ್ತು?"

ಚಾಸಿಬ್ ಅವನ ತೋಳು ಹಿಡಿದ. "ನಾನು ಕೇಳಿದ್ನಾ? ನಾನೇನಾದ್ರೂ ಬಾಯಿಬಿಟ್ಟು ಕೇಳಿದ್ನಾ ನಿನ್ನ?"

"ಇಲ್ಲ. ಕೇಳಿದ್ರೆ ಕೊಡ್ತಿರ್ಲಿಲ್ಲ." ಲಫ್ತಾ ದನಿ ತಗ್ಗಿಸಿದ. "ಊಟ ಆದ್ಮೇಲೆ ಹತ್ತಿ ಅವನ್ನೆಲ್ಲ ಬಿಚ್ಚಿ ನಿನ್ನ ಗಂಟು ಹಾಕು. ನನ್ನ ಹೆಸರು ಕೆಡಿಸಬೇಡ."

ಫಖ್ರಿಯಾ ಖಾಲಿ ಹುಲ್ಲಿನ ಬುಟ್ಟಿ ಹೊತ್ತು ಬಂದು ನಿಂತಳು. ಕೇಳಿಸಿಕೊಂಡಿದ್ದಳು. ಅಪ್ಪ ನೆಟ್ಟದ್ದರಲ್ಲಿ ಎಂಟು ಆ ಹನ್ನೊಂದರಲ್ಲಿದ್ದವು ಅನ್ನುವುದು ಅವಳಿಗೂ ಗೊತ್ತಿತ್ತು. ತಲೆವಸ್ತ್ರದ ಅಂಚು ಹರಿದು, ನೀರಲ್ಲಿ ಅದ್ದಿ, ಗಾಯ ಒರೆಸಿ ಸುತ್ತಿದಳು. ಸುತ್ತುವಾಗ ಬೇಕಾದ್ದಕ್ಕಿಂತ ಸ್ವಲ್ಪ ಜೋರಾಗಿಯೇ ಎಳೆದಳು.

ಬಾಂಗ್ ಆಯಿತು, ನಮಾಜ಼್ ಆಯಿತು. ಲಫ್ತಾ ಮತ್ತೆ ಕಾಲು ಕಟ್ಟಿಕೊಂಡು ಕಾಲುವೆ ದಡದ ಮರಕ್ಕೆ ಹೋದ. ಎರಡಾಳು ಎತ್ತರದ್ದು, ಅವನೇ ನೆಟ್ಟದ್ದು. ನೋಡಲು ಈ ಸಲ ಯಾರೂ ನಿಲ್ಲಲಿಲ್ಲ.