ಗರಿಕಡ್ಡಿ

ಭೈರಮ್ಮ ರಸ್ತೆ ಬದಿಯಲ್ಲೇ ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿದಳು. ಹಿಂದಿನ ಚಕ್ರದ ಸ್ಪೋಕೊಂದು ಮುರಿದು, ಸೊಟ್ಟಗಾದ ರಿಮ್ಮು ಫ್ರೇಮಿಗೆ ಉಜ್ಜುತ್ತಿತ್ತು. ನಿನ್ನೆ ತೆಂಗಿನಕಾಯಿ ಚೀಲವನ್ನು ಒಂದೇ ಕಡೆ ಜೋತುಹಾಕಿ ತಂದ ತಪ್ಪು ಅವಳದೇ. ಹುಳಿಯಾರು ಇನ್ನೂ ಮೂರು ಮೈಲಿ. ಸೈಕಲ್ ಅಂಗಡಿಯ ನಿಜಾಮುದ್ದೀನ್ ಸಾಬರು ಬೆಳಗ್ಗೆ ತೀರಿಕೊಂಡಿದ್ದರು. ಮಧ್ಯಾಹ್ನದ ನಮಾಜಿಗೆ ಜನಾಜಾ ಮಣ್ಣಿಗೆ ಹೊರಡುತ್ತದಂತೆ. ಅಷ್ಟರೊಳಗೆ ತಲುಪದಿದ್ದರೆ ಆ ಮುಖ ಇನ್ನೆಲ್ಲಿ ಸಿಗಬೇಕು?

ಸೀಟಿನಡಿಯ ಚೀಲದಿಂದ ಸ್ಪೋಕು ಬಿಗಿಯುವ ಕೀ ತೆಗೆದು, ಬೇಲಿ ಪಕ್ಕ ಬಿದ್ದಿದ್ದ ತೆಂಗಿನ ಗರಿಯಿಂದ ಅವಳು ಒಂದು ಕಡ್ಡಿ ಸೀಳಿಕೊಂಡಳು.

*

ಹದಿನೈದು ವರ್ಷದ ಹಿಂದೆ, ಚಕ್ರ ಸೊಟ್ಟ ಮಾಡಿಕೊಂಡು ಮೂರನೇ ಸಲ ಅಂಗಡಿಗೆ ಹೋದಾಗ, ಸಾಬರು ಇಂಥದೇ ಕಡ್ಡಿಯನ್ನು ಫ್ರೇಮಿಗೆ ಕಟ್ಟಿ, ತುದಿಯನ್ನು ರಿಮ್ಮಿನ ಪಕ್ಕ ನಿಲ್ಲಿಸಿದ್ದರು.

"ಚಕ್ರ ತಿರುಗ್ಸಮ್ಮ. ಎಲ್ಲಿ ಚರ್ ಅಂತದೋ ಅಲ್ಲೇ ಬೆಂಡು."

ಅವಳು ಕೀ ಹಿಡಿದು ಸ್ಪೋಕು ಬಿಗಿದಳು, ಇನ್ನೂ ಬಿಗಿದಳು. ಚಕ್ರ ಕರಿದ ಹಪ್ಪಳದಂತಾಯಿತು.

"ನೀವೇ ಮಾಡ್ಕೊಡಿ ನಿಜಾಮಣ್ಣ, ನನ್ ಕೈಲಾಗಕಿಲ್ಲ."

"ನಿಮ್ ಹಟ್ಟಿ ದಾರೀಲಿ ಕೆಟ್ರೆ ಯಾರನ್ನ ಕೂಗ್ತೀಯ? ಬರೀ ಬಿಗಿಯೋದಲ್ಲ ಕಣಮ್ಮ. ಈ ಕಡೆ ಅರ್ಧ ಸುತ್ತು ಬಿಗಿದ್ರೆ, ಆ ಕಡೆ ಅರ್ಧ ಸುತ್ತು ಸಡಿಲ ಬುಡ್ಬೇಕು."

ಎರಡು ಸಲ ಟೀ ತರಿಸಿ ಕುಡಿದರೇ ಹೊರತು ಕೀ ಮುಟ್ಟಲಿಲ್ಲ ಆ ಹಟಮಾರಿ ಮನುಷ್ಯ. ಸಂಜೆ ಕಡ್ಡಿಯ ಸದ್ದು ನಿಂತಾಗ ಅವಳಿಗಿಂತ ಜೋರಾಗಿ ನಕ್ಕವರೂ ಅವರೇ.

*

ಭೈರಮ್ಮ ಸಾಬರ ಮನೆ ಮುಂದೆ ಇಳಿದಾಗ ಜನಾಜಾ ಇನ್ನೂ ಎತ್ತಿರಲಿಲ್ಲ. ಹಟ್ಟಿಯ ಚಿತ್ತಣ್ಣ ಆಗಲೇ ಬೈಕಿನಲ್ಲಿ ಬಂದು ಕೂತಿದ್ದ.

"ಯಾಕವ್ವಾ ಇಷ್ಟೊತ್ತು?"

"ಸ್ಪೋಕ್ ಮುರೀತು. ಬೆಂಡ್ ತೆಗ್ದು ಬಂದೆ."

"ಅಂಗ್ಡೀನೇ ಬಾಗ್ಲು ಹಾಕೈತಲ್ಲ. ಎಲ್ ಮಾಡಿಸ್ದೆ?"

"ಮಾಡ್ಸೋದೇನು ಬಂತು, ನಾನೇ ಮಾಡ್ದೆ."

ಒಳಗೆ ಸಾಬರ ಹೆಂಡತಿ ರಹಮತುನ್ನೀಸಾ ಕೂತಿದ್ದರು. ಭೈರಮ್ಮ ಮಸಿ ಮೆತ್ತಿದ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

"ಮುಚ್ಕೋಬೇಡ ಬಾರಮ್ಮ. ನಲವತ್ತು ವರ್ಷ ಇಂಥ ಕೈಗೇ ಊಟ ಬಡ್ಸಿದೀನಿ."

ಬಿಳಿ ಬಟ್ಟೆಯ ನಡುವೆ ಸಾಬರ ಮುಖ ನಿದ್ದೆಯಲ್ಲಿದ್ದಂತಿತ್ತು. ಭೈರಮ್ಮನಿಗೆ ಅಳು ಬಂತು; ಬಂದು ಮುಟ್ಟಿದೆನಲ್ಲ ಎಂಬ ಸಮಾಧಾನವೂ ಆಯಿತು.

ಹೊರಗೆ ಜನ ಎದ್ದು ನಿಂತರು. ಹೆಗಲು ಕೊಡಲು ಬಂದ ಸಾಬರ ಮಗ ಬಿಲಾಲ್ ಗೋಡೆಗೆ ಒರಗಿಸಿದ್ದ ಸೈಕಲ್ ಕಂಡು ನಿಂತ. ಫ್ರೇಮಿನಲ್ಲಿ ಗರಿಕಡ್ಡಿ ಹಾಗೇ ಇತ್ತು.

"ಅಪ್ಪನ ಕಡ್ಡಿ," ಎಂದ.

ಸೀಟು ಹಿಡಿದೆತ್ತಿ ಚಕ್ರ ತಿರುಗಿಸಿ, ಅಪ್ಪನ ಹಾಗೆಯೇ ಬಗ್ಗಿ ಕಿವಿಯಿಟ್ಟ. ಮುರಿದ ಸ್ಪೋಕಿನ ಖಾಲಿ ಜಾಗ ಮತ್ತೆ ಮತ್ತೆ ಬಂದು ಹೋಯಿತು. ಕಡ್ಡಿ ಸದ್ದು ಮಾಡಲಿಲ್ಲ.