ಯಾರಿಗೂ ತೋರಿಸದ ಕೊಲ್ಲಿ

ಸೂಫ್ರಿಯೇರ್ ಎಂಬ ಕಡಲತಡಿಯ ಊರಿನಲ್ಲಿ ಪ್ರವಾಸಿಗಳನ್ನು ಹವಳದ ದಿಬ್ಬದ ಮೇಲೆ ಈಜಿಸುವವರ ಪೈಕಿ ಓವಿಡಾಳಷ್ಟು ಬಾಯಿಬಡುಕಿ ಮತ್ತೊಬ್ಬಳಿರಲಿಲ್ಲ. ಒಂದೇ ಒಂದು ವಿಷಯದಲ್ಲಿ ಮಾತ್ರ ಅವಳ ಬಾಯಿಗೆ ಬೀಗ. ಬಂಡೆಗಳಾಚೆಯ ಸಣ್ಣ ಕೊಲ್ಲಿಯಲ್ಲಿ ಗುಡಿಸಲಿನಷ್ಟು ದೊಡ್ಡ ಹವಳವೊಂದಿತ್ತು. ಅವಳಪ್ಪ ಸಾಯುವ ಮುನ್ನ ತೋರಿಸಿದ್ದು. ಮೀನು ಹಿಡಿಯಲು ಬುಟ್ಟಿ ಇಳಿಸುವ ಜಾಗವನ್ನು ಒಡಹುಟ್ಟಿದವರಿಗೂ ಹೇಳಬಾರದೆಂಬುದು ಅವರ ಮನೆಯ ನೇಮ. ಓವಿಡಾ ಆ ನೇಮವನ್ನು ಹವಳಕ್ಕೂ ಹಾಕಿಕೊಂಡಳು. ದೋಣಿ ನಡೆಸುವ ಹಿಲರಿ ಮಾಮನಿಗೊಬ್ಬನಿಗೆ ಗೊತ್ತಿತ್ತು. ಅವನಿಲ್ಲದೆ ಅಲ್ಲಿಗೆ ಹೋಗುವುದಾದರೂ ಹೇಗೆ?

ಹೋದ ವರ್ಷ ಊರ ಮುಂದಿನ ಹವಳದ ದಿಬ್ಬಕ್ಕೆ ರೋಗ ಬಂತು. ಮೊದಲು ಅಂಗೈಯಗಲ ಬಿಳಿ ಮಚ್ಚೆ, ಆಮೇಲೆ ಮೈಯೆಲ್ಲ ಸುಣ್ಣ, ಕಡೆಗೆ ಪಾಚಿ. ಪ್ರವಾಸಿಗಳು ಮುಗಿಬೀಳುತ್ತಿದ್ದ ದೊಡ್ಡ ದಿಬ್ಬ ಕಣ್ಣೆದುರೇ ಸಾಯತೊಡಗಿತು. ಪಟ್ಟಣದಿಂದ ಬಂದ ಕಡಲ ತಜ್ಞರು ಅಲ್ಲಲ್ಲಿ ಮುಲಾಮು ಮೆತ್ತಿದರು. ರೋಗ ಒದ್ದೆ ಸಾಮಾನಿನ ಜೊತೆ ಜಾಗದಿಂದ ಜಾಗಕ್ಕೆ ಹೋದೀತು, ಎಲ್ಲವನ್ನೂ ತೊಳೆಯಿರಿ ಎಂದರು. "ಬೇರೆಲ್ಲಾದರೂ ಹವಳ ಉಳಿದಿದೆಯಾ?" ಎಂದು ಕೇಳಿದಾಗ ಓವಿಡಾ ತಲೆಯಾಡಿಸಿಬಿಟ್ಟಳು, ಇಲ್ಲ.

ಅಂದಿನಿಂದ ಅವಳು ಪ್ರವಾಸಿಗಳ ಈಜುಗನ್ನಡಕ, ಉಸಿರುಕೊಳವೆ, ಕಾಲಿನ ರಬ್ಬರ್ ರೆಕ್ಕೆಗಳನ್ನೆಲ್ಲ ಬ್ಲೀಚ್ ನೀರಿನಲ್ಲಿ ತಿಕ್ಕಿದ್ದೇ ತಿಕ್ಕಿದ್ದು. ತೊಳೆಯದ ದೋಣಿಯವರ ಮೇಲೆ ಜಗಳಕ್ಕೇ ನಿಲ್ಲುತ್ತಿದ್ದಳು.

"ಹೊರಗಿನವ್ರ ಕಾಲು, ಎಲ್ಲೆಲ್ಲಿ ಅದ್ದಿರ್ತಾರೋ ಏನೋ! ತೊಳೀರೋ, ಸೋಮಾರಿಗಳಾ!"

ಸಂಜೆ ಪ್ರವಾಸಿಗಳನ್ನು ದಡಕ್ಕಿಳಿಸಿದ ಮೇಲೆ ಮಾತ್ರ ಅವಳಿಗೆ ಜೀವ ತಡೆಯುತ್ತಿರಲಿಲ್ಲ. ಉಟ್ಟ ಬಟ್ಟೆಯಲ್ಲೇ, ತೊಟ್ಟ ರೆಕ್ಕೆಯಲ್ಲೇ, "ಮಾಮಾ, ತಿರುಗ್ಸು" ಅನ್ನುತ್ತಿದ್ದಳು. ಕೊಲ್ಲಿಯಲ್ಲಿ ಮುಳುಗಿ, ತನ್ನ ಹವಳ ಕಂದು ಮೈಯ ಗಟ್ಟಿ ಮುದುಕಿಯ ಹಾಗೆ ಕೂತಿರುವುದನ್ನು ಕಂಡ ಮೇಲೆಯೇ ರಾತ್ರಿ ಉಪ್ಪುಮೀನು ಗಂಟಲಿಗಿಳಿಯುತ್ತಿತ್ತು. ಪಾಪ, ಪ್ರೀತಿಗೆ ಬುದ್ಧಿ ಎಲ್ಲಿರುತ್ತದೆ!

ಮೊನ್ನೆ ಅಲೆಯೊಂದು ಅವಳನ್ನು ಹವಳದ ಹಿಂಬದಿಗೆ ತಳ್ಳಿತು. ಎಂದೂ ನೋಡದ ಮಗ್ಗುಲು. ಅದು ಬುಡದಿಂದ ನೆತ್ತಿಯವರೆಗೂ ಬೆಳ್ಳಗಾಗಿತ್ತು. ಮುಂದಿನ ಮೈಗೂ ಬಿಳುಪು ಆಗಲೇ ಹತ್ತುತ್ತಿತ್ತು.

ದೋಣಿ ಹತ್ತಿದವಳ ಮುಖ ನೋಡಿಯೇ ಮಾಮನಿಗೆ ತಿಳಿಯಿತು.

"ಇಲ್ಗೂ ಬಂತೇನೇ?"

"ಹೂಂ."

"ಮುಲಾಮಿನವ್ರನ್ನ ಕರ್ಸೋಣ. ನಾಳೆ ಬೆಳಿಗ್ಗೇನೇ ಹೋಗ್ತೀನಿ."

"ಬರೀ ಮಚ್ಚೆ ಇದ್ದಿದ್ರೆ ಹಚ್ಚಬೋದಿತ್ತು ಮಾಮ. ಅರ್ಧಕ್ಕರ್ಧ ಹೋಗಿದೆ. ಅವ್ರು ಕೇಳ್ದಾಗ ನಾನೇ ಇಲ್ಲ ಅಂದೆ."

ಮಾಮ ಕಡಲಿಗೆ ಉಗಿದ. "ಪಕ್ಕದೂರಿನ ಕಳ್ಳನನ್ಮಕ್ಳು ಯಾರೋ ಬಂದು ಹೋಗವ್ರೆ. ಅವ್ರ ಮನೆ ಹಾಳಾಗ!"

"ಯಾರೂ ಬಂದಿಲ್ಲ."

"ಮತ್ತೆ?"

"ನಾವ್ ಬಂದ್ವಲ್ಲ. ಅಲ್ಲಿಂದ ಇಲ್ಲಿಗೆ, ದಿನಾ."

ಅವನು ಅವಳ ಕಾಲು ನೋಡಿದ. ಮಧ್ಯಾಹ್ನ ರೋಗ ಹಿಡಿದ ದಿಬ್ಬದ ಮೇಲೆ ಆಡಿಸಿದ್ದ ರೆಕ್ಕೆಗಳಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.

"ನಾವೇನ್ ಹೊರಗಿನವ್ರೇನೇ?" ಎಂದ, ಯಾರೋ ಬೈದಂತೆ.

ಓವಿಡಾಳಿಗೆ ತನ್ನ ಮೇಲೇ ಅಸಹ್ಯ ಹುಟ್ಟಿತ್ತು. ಕನ್ನಡಕ ಮುಖಕ್ಕೇರಿಸಿ ಮತ್ತೆ ನೀರಿಗಿಳಿಯಲು ಹೊರಟಳು. ಮಾಮ ಅವಳ ತೋಳು ಹಿಡಿದುಕೊಂಡ.

"ಬೇಡ್ವೇ, ಮತ್ತೆ ಹೋಗ್ಬೇಡ."

"ಬಿಡು ಮಾಮ. ಇನ್ನು ಎಷ್ಟ್ ಸಲ ನೋಡ್ಕೊಂಡ್ರೂ ಅದಕ್ಕೆ ನನ್ನಿಂದ ಹೊಸ ಕೇಡೇನೂ ಆಗಲ್ಲ."

ಅವನು ಕೈ ಬಿಟ್ಟ.